ಕಾರ್ಡಿನ ಹಿಂಬದಿಯ ರಫ್ ವರ್ಕ್

ಮಾಗಡಿ ರೋಡಿನ ಬೇಕರಿಯ ಮೇಲೆ, ಮೂರನೇ ಮಹಡಿ.
ಖಾರಾ ಬನ್ನಿನ ವಾಸನೆ ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ
ಪುಟ್ಟಮಾದಯ್ಯ ಸರ್ ಬೋರ್ಡಿನ ಮೇಲೆ ಬರೆದಿರುತ್ತಾರೆ:
ಬಡಾವಣೆಗೆ ಹೊಸ ಬೀದಿದೀಪ ಬಂತು.
ಸರಗಳ್ಳತನ ಇಳಿಯಿತು.
ಆದ್ದರಿಂದ, ಇಳಿದದ್ದು ದೀಪದಿಂದಲೇ.
‘ಈ ಆದ್ದರಿಂದ ಇದೆಯಲ್ಲ, ಇದಕ್ಕೊಂದು ಕಾಲು ಕುಂಟು.
ಯಾವ ಕಾಲು, ಹುಡುಕ್ರಪ್ಪಾ.’

ಐದು ಉತ್ತರ, ತೊಂಬತ್ತು ಸೆಕೆಂಡು.
ನಾನು ‘ಇ’ಗೆ ಗುರುತು ಹಾಕುತ್ತೇನೆ:
ಅದೇ ತಿಂಗಳು ಬೈಕಿನ ಇಬ್ಬರು ಸಿಕ್ಕಿಬಿದ್ದಿದ್ದರು.
ದೀಪ, ಪಾಪ, ತನ್ನ ಪಾಡಿಗೆ ಉರಿಯುತ್ತಿತ್ತು.

ಕಾಗೆ ಕೂತಿತು, ಕೊಂಬೆ ಮುರಿಯಿತು.
ನಮ್ಮಜ್ಜಿಗೂ ಗೊತ್ತಿದ್ದ ಪಾಠಕ್ಕೆ
ಆರು ಸಾವಿರ ಫೀಸು, ಎರಡು ಕಂತಿನಲ್ಲಿ.

ರಫ್ ವರ್ಕಿಗೆ ಕಾಗದದ ಬರವಿಲ್ಲ ನನಗೆ.
ನಮ್ಮ ಮದುವೆಯ ಕಾರ್ಡು ಮಿಕ್ಕಿವೆ, ಇನ್ನೂರ ನಲವತ್ತು.
ಮುಂದೆ ಬಂಗಾರದ ಅಕ್ಷರದಲ್ಲಿ
ಚಿ. ಕುಂ. ಸೌ. ಶಶಿರೇಖಾ,
ಹಿಂದೆ ಬರೀ ಬಿಳುಪು.
ಮಾವನ ಸ್ವಂತ ಪ್ರೆಸ್ಸು ಅಚ್ಚು ಹಾಕಿದ್ದು,
ಶ್ರೀರಾಂಪುರದ ಒಂದೇ ಒಂದು ಕೋಣೆ, ಈಗ ಅಲ್ಲಿ ಮೊಬೈಲ್ ರಿಪೇರಿ.

ಅತ್ತೆ ಗಂಗರತ್ನಮ್ಮ ಬೋರ್ಡಿಲ್ಲದೆ ಹೇಳುತ್ತಾರೆ:
‘ಇವಳು ಸೇರು ಒದ್ದು ಒಳಗೆ ಬಂದಳು.
ಹದಿನೇಳನೇ ದಿನಕ್ಕೆ ಪ್ರೆಸ್ಸಿಗೆ ಬೀಗ ಬಿತ್ತು.’
ಆದ್ದರಿಂದ ಅನ್ನುವುದಿಲ್ಲ.
ಒಗ್ಗರಣೆಯ ಸಾಸಿವೆ ಸಿಡಿದು ಮುಗಿಯಲಿ ಎಂದು ಕಾದು
‘ಕಾಲ್ಗುಣ’ ಅನ್ನುತ್ತಾರೆ.
ನಾಲ್ಕು ವರ್ಷದಿಂದ ಇದೇ ಪ್ರಶ್ನೆ, ಉತ್ತರಗಳ ಪಟ್ಟಿಯಿಲ್ಲದೆ.

ಪಟ್ಟಿ ನಾನೇ ಮಾಡಿಕೊಂಡೆ, ನನ್ನ ಹೆಸರಿನ ಬೆನ್ನಿಗೆ:

ಅ. ಜನ ಆಗಲೇ ಫೋನಿನಲ್ಲಿ ಮದುವೆಗೆ ಕರೆಯತೊಡಗಿದ್ದರು.
ಆ. ಅದೇ ಬೀದಿಯಲ್ಲಿ ಆ ವರ್ಷ ಇನ್ನೂ ಮೂರು ಪ್ರೆಸ್ಸು ಮುಚ್ಚಿದವು; ಒಂದರ ಯಜಮಾನನಿಗೆ ಮಕ್ಕಳೇ ಇಲ್ಲ, ಸೊಸೆ ಎಲ್ಲಿಂದ.
ಇ. ಓರಗಿತ್ತಿ ಬಂದ ವರ್ಷ ಎರಡನೇ ಮೆಷಿನ್ನು ಬಂತು. ‘ಲಕ್ಷ್ಮಿ ಕಾಲು’ ಅಂದರು. ಮುಳುಗಿಸಿದ್ದು ಆ ಮೆಷಿನ್ನಿನ ಸಾಲ.
ಈ. ಸಾರು ನಾನು ಅತ್ತೆಗಿಂತ ಚೆನ್ನಾಗಿ ಮಾಡುತ್ತೇನೆ.
(ನಿಜ. ಆದರೆ ಪ್ರಶ್ನೆಗೆ ಸಂಬಂಧವಿಲ್ಲ.)

‘ಉ’ ಖಾಲಿ ಬಿಟ್ಟಿದ್ದೆ.
‘ಗೋಡೆ ಕೆಡವೋಕೆ ಹೋಗಬೇಡಿ,
ಒಂದು ಇಟ್ಟಿಗೆ ಅಲ್ಲಾಡಿಸಿ, ಸಾಕು’ ಅನ್ನುತ್ತಾರೆ ಸರ್.
ಅದೇ ತೊಂದರೆ. ಅಲ್ಲಾಡಿದ ಗೋಡೆಯೂ ನಿಂತೇ ಇರುತ್ತದೆ.
ಕೆಲವು ರಾತ್ರಿ ನನ್ನ ಪಾದಗಳನ್ನು ನಾನೇ
ಹೊದಿಕೆಯಾಚೆ ಚಾಚಿ ನೋಡಿದ್ದೇನೆ.

ಕಾವೇರಿ ನೀರು ದಿನ ಬಿಟ್ಟು ದಿನ, ಬೆಳಗಿನ ಜಾವ ಮೂರೂವರೆಗೆ.
ಡ್ರಮ್ಮಿಗೆ ಪೈಪು ಹಿಡಿಯುವುದು ನಾನು ಮತ್ತು ಮಾವ.
ಮೆಟ್ಟಿಲ ಮೇಲಿದ್ದ ಕಾರ್ಡನ್ನು ಎತ್ತಿಕೊಂಡರು.
ಬರೆದದ್ದನ್ನು ಓದಿದರೋ ಇಲ್ಲವೋ. ತಿರುಗಿಸಿ,
ಬಂಗಾರದ ಶಾಯಿಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು.
‘ಬ್ಯಾಂಕಿನೋರು ಯುಗಾದಿಗೇ ಬೀಗ ಹಾಕ್ತೀವಿ ಅಂದಿದ್ರಮ್ಮ.
ಮಗನ ಕಾರ್ಡು ಇನ್ನೊಬ್ಬರ ಹತ್ರ ಅಚ್ಚಾಗಬಾರದು ಅಂತ
ಕಾಲು ಕೈ ಹಿಡಿದು ಕಾರ್ತೀಕದವರೆಗೂ ಎಳೆದೆ.
ಮೆಷಿನ್ನು ಓಡಿದ್ದು ಇದಕ್ಕೇ ಕೊನೆ.’
ಡ್ರಮ್ಮು ತುಂಬಿ ಅಂಗಳಕ್ಕೆ ಹರಿಯುತ್ತಿತ್ತು, ಇಬ್ಬರೂ ನೋಡಲಿಲ್ಲ.

‘ಉ’ದ ಮುಂದೆ ಬಾಣವನ್ನು ಹಿಂದುಮುಂದಾಗಿ ಬರೆದೆ:
ನಾನು ಬರುವವಳಿದ್ದೆ.
ಆದ್ದರಿಂದ ಪ್ರೆಸ್ಸು ಎಂಟು ತಿಂಗಳು ತೆರೆದಿತ್ತು.
ಇದಕ್ಕೂ ಒಂದು ಕಾಲು ಕುಂಟಿರಬಹುದು.
ತೊಂಬತ್ತು ಸೆಕೆಂಡನ್ನು ಹಾಗೇ ಕಳೆಯಗೊಟ್ಟೆ.

ಪರೀಕ್ಷೆ ಭಾನುವಾರ, ಪೀಣ್ಯದಲ್ಲಿ.
ಚಿತ್ರಾನ್ನದ ಡಬ್ಬಿ ಕೈಗಿಟ್ಟು, ಮುಖ ನೋಡದೆ,
‘ಬಲಗಾಲಿಟ್ಟು ಹೊರಡು’ ಅಂದರು ಅತ್ತೆ.
ಪಾಸಾದರೆ ಬಲಗಾಲು. ಫೇಲಾದರೆ ನಾನು.

ಬಲಗಾಲನ್ನೇ ಇಟ್ಟೆ.
ಆಗತಾನೆ ರಂಗೋಲಿ ಹಾಕಿದ್ದರು,
ಎಡಗಾಲಿಟ್ಟಿದ್ದರೆ ಅಳಿಸುತ್ತಿತ್ತು.