ಏನೂ ಮಾಡದ ನಾಣ್ಯ

ಕ್ಲೀಥಾರ್ಪ್ಸಿನ ಕಡಲದಂಡೆಯ ಆರ್ಕೇಡಿನಲ್ಲಿ
ಗಾಜಿನ ಗೂಡೊಳಗೆ ಕೂತು ಚಿಲ್ಲರೆ ಕೊಡುವವಳು ನಾನು.
ಒಂದು ಪೌಂಡಿಗೆ ಐವತ್ತು ಎರಡುಪೆನ್ನಿ,
ಪ್ಲಾಸ್ಟಿಕ್ ಲೋಟದ ತುಂಬ.
ಮನೆಗೆ ಬಂದು ಎಷ್ಟು ತಿಕ್ಕಿ ತೊಳೆದರೂ
ಅನ್ನ ಕಲಸುವ ಬೆರಳಿಗೆ ತಾಮ್ರದ ವಾಸನೆ.

ಪಕ್ಕದ ಮನೆಯ ಟೋಬಿನ್, ಒಂಬತ್ತರ ಪೋರ.
ಮೀನಿನ ಕಾರ್ಖಾನೆಯಿಂದ ಅವನಮ್ಮ ಬರುವುದು ಆರಕ್ಕೆ,
ಅಲ್ಲಿಯವರೆಗೆ ನನ್ನ ಅಡುಗೆಮನೆಯೇ ಅವನ ಬಿಡಾರ.
ಒಂದು ದಿನ ಕೇಳಿದ, ದುಡ್ಡು ಯಾಕೆ ಹಸಿರಾಗತ್ತೆ?
ಕಿಲುಬು, ಅಂದೆ. ಬೇರೆ ಮಾತು ಹೊಳೆಯಲಿಲ್ಲ.
"ಕಿಲ್ಲುಬೂ" ಅಂದ,
ನಾಲಿಗೆಯ ಮೇಲಿಟ್ಟು ಚೀಪಿ ನೋಡಿದ ಹಾಗೆ.

ಅವತ್ತೇ ಶುರು.
ಫ್ರಿಜ್ಜಿನ ಮೇಲಿನ ಅಯಸ್ಕಾಂತ ಕಿತ್ತು ತಂದು ಆರಿಸಿದೆವು:
ತೊಂಬತ್ತೆರಡಕ್ಕಿಂತ ಹಿಂದಿನವು ಕಂಚು, ಜಪ್ಪಯ್ಯ ಅಂದರೂ ಅಲ್ಲಾಡವು;
ಈಚಿನವಕ್ಕೆ ಹೊಟ್ಟೆಯಲ್ಲಿ ಉಕ್ಕು, ಮೇಲೊಂದು ತಾಮ್ರದ ತೆಳು ಅಂಗಿ,
ಟಪ್ಪೆಂದು ಬಂದು ಕಚ್ಚುತ್ತವೆ.

ಕಿಟಕಿಕಟ್ಟೆಯ ಮೇಲೆ ಜಾಮಿನ ಖಾಲಿ ಬಾಟಲಿಗಳು.
ಒಂದರಲ್ಲಿ ಚಿಪ್ಸ್ ಅಂಗಡಿಯ ವಿನೆಗರ್, ಮೇಲೆ ಉಪ್ಪು.
ಇನ್ನೊಂದರಲ್ಲಿ ಹಂಬರ್ ಅಳಿವೆಯ ಚಹಾ ಬಣ್ಣದ ನೀರು,
ಇಳಿತ ನೋಡಿ, ಕೆಸರುಮರಳಲ್ಲಿ ಅರ್ಧ ಮೈಲಿ ನಡೆದು ತುಂಬಿದ್ದು.
ಅಮೋನಿಯಾದ ಮೇಲೆ ದಾರ ಕಟ್ಟಿ ತೂಗಿದ್ದು ಒಂದು.
ಹೈಡ್ರೇಂಜ ಗಿಡದ ಬುಡದಲ್ಲಿ ಹೂತದ್ದು ಒಂದು,
ಗುರುತಿಗೆ ಐಸ್‌ಕ್ರೀಮ್ ಕಡ್ಡಿ; ಅದು ಗಾಳಿಗೆ ಹಾರಿ,
ಆ ನಾಣ್ಯ ಇವತ್ತಿಗೂ ಸಿಕ್ಕಿಲ್ಲ.
ನನ್ನ ಹುಣಸೆಹುಳಿಯಲ್ಲಿಟ್ಟದ್ದು ಬೆಳಗಾಗುವುದರಲ್ಲಿ
ಟಂಕಸಾಲೆಯಿಂದ ಈಗಷ್ಟೇ ಬಿದ್ದ ಹಾಗೆ ಹೊಳೆಯಿತು.
ಇದು ಮೋಸ ಎಂದು ಹುಡುಗ ಆ ಸಾಲಿಗೆ ಅಡ್ಡಗೆರೆ ಎಳೆದ.

ಅವನ ಮುತ್ತಜ್ಜಿಯ ಕಾಲದ ಬೆಳ್ಳಿ ಆರುಪೆನ್ನಿಯನ್ನು
ಬೆಂದ ಮೊಟ್ಟೆಯ ಹಳದಿಯ ಪಕ್ಕ, ತಾಗದ ಹಾಗೆ,
ಡಬ್ಬಿಯಲ್ಲಿ ಮುಚ್ಚಿಟ್ಟು ಕಾದೆವು.
ಮೊದಲು ಒಣಹುಲ್ಲು, ಆಮೇಲೆ ಬದನೆಕಾಯಿ,
ಆಮೇಲೆ ಸೀಮೆಎಣ್ಣೆ ಚೆಲ್ಲಿದ ನೀರಿನ ನೀಲಿ.
ತೆಗಿ ತೆಗಿ, ಎಂದು ಕೂಗಿದ. ತೆಗೆದೆ.
ಇನ್ನರ್ಧ ತಾಸು ಬಿಟ್ಟಿದ್ದರೆ ಬರೀ ಕಪ್ಪು.

ಬೆವರಿನ ಪರೀಕ್ಷೆ ಅವನದೇ ಯೋಚನೆ:
ಶಾಲೆಯ ಬೂಟಿನೊಳಗೆ, ಅಂಗಾಲ ಪದರದ ಕೆಳಗೆ ಒಂದು.
ಕೊನೆಯದು ಬೆಂಕಿಪೊಟ್ಟಣದಲ್ಲಿ, ಹತ್ತಿಯ ಮೇಲೆ.
ಅದರ ಮುಂದೆ ನೋಟ್‌ಬುಕ್ಕಿನಲ್ಲಿ ದಪ್ಪಕ್ಷರದಲ್ಲಿ ಬರೆದ,
ಇದಕ್ಕೆ ಏನೂ ಮಾಡಬಾರದು.

ಹಂಬರಿನ ನೀರಲ್ಲಿ ಅಂಗಿ ಹರಿದು
ಒಳಗಿನ ಉಕ್ಕು ಕೆಂಪಗೆ ಸೋರಿತು;
ರಾಣಿಗೆ ಮೊದಲು ಮೂಗು ಹೋಯಿತು.
ಅಮೋನಿಯಾದ ಬಾಟಲಿಯ ತಳದಲ್ಲಿ, ತೊಟ್ಟಿಕ್ಕಿದಲ್ಲೆಲ್ಲ,
ಯಾವ ಸೀರೆಯಲ್ಲೂ ನಾನು ಕಾಣದ ನೀಲಿ.

ಫೆಬ್ರವರಿಯಲ್ಲಿ ಕಾರ್ಖಾನೆ ಒಂದು ಪಾಳಿ ನಿಲ್ಲಿಸಿತು.
ಡಾನ್‌ಕಾಸ್ಟರಿನಲ್ಲಿ ಅವನ ಚಿಕ್ಕಮ್ಮ ಇದ್ದಾಳಂತೆ.
ಗುರುವಾರ ವ್ಯಾನು ಬಂದಾಗ ನಾನು ಗೂಡಿನಲ್ಲಿ
ಯಾರಿಗೋ ಐವತ್ತು ಎಣಿಸುತ್ತಿದ್ದೆ.
ಸಂಜೆ ಬಾಗಿಲ ಕಂಡಿಯ ಕೆಳಗೆ, ಚಾಪೆಯ ಮೇಲೆ ನೋಟ್‌ಬುಕ್ಕು.
ವಿಳಾಸ ಇರಲಿಲ್ಲ. ಪೆನ್ಸಿಲಿನಲ್ಲಿ ಒಂದೇ ಸಾಲು:
ಮೊಟ್ಟೆಯದನ್ನು ಒರೆಸಬೇಡ.

ಏಪ್ರಿಲಿನಲ್ಲಿ ಬೆಂಕಿಪೊಟ್ಟಣ ತೆಗೆದೆ.
ಏನೂ ಮಾಡದ ನಾಣ್ಯದ ಮೇಲೆ ಕಂದುಬಣ್ಣದ ಸುಳಿ,
ರಾಣಿಯ ಕೆನ್ನೆಯಿಂದ ಅಂಚಿನವರೆಗೆ,
ಸಣ್ಣ ಹೆಬ್ಬೆರಳಿನ ಗುರುತು, ಗೆರೆಗೆರೆಯಾಗಿ.
ಒಳಗಿಡುವ ಮೊದಲು ಹಿಡಿದು ನೋಡಿದ್ದ;
ಅವತ್ತು ಚಿಪ್ಸ್ ತಿಂದ ಕೈ, ಉಪ್ಪು, ಎಣ್ಣೆ.
ನಾವು ಸುಮ್ಮನಿದ್ದೇವೆ ಅಂದುಕೊಂಡ ಅಷ್ಟೂ ತಿಂಗಳು
ಅದು ಕತ್ತಲಲ್ಲಿ ಅದನ್ನೇ ಓದುತ್ತಿತ್ತು.

ಪರೀಕ್ಷೆ ಕೆಟ್ಟಿತು, ನಿಜ. ಹಾಗೇ ಬರೆದೆ.
ಉಳಿದ ಸಾಲುಗಳನ್ನೂ ತುಂಬಿಸಿದೆ, ತಾರೀಖು ಹಾಕಿ.
ಹುಣಸೆಯದು ಮತ್ತೆ ಮಂಕಾಗುತ್ತಿದೆ, ಅದನ್ನೂ.
ಬೂಟಿನದು ಮಾತ್ರ ಖಾಲಿ.
ಅದು ಅವನ ಜೊತೆಗೇ ಹೋಯಿತು.
ಇಷ್ಟು ಹೊತ್ತಿಗೆ ಆ ಪಾದ
ಒಂದು ಸೈಜಾದರೂ ಬೆಳೆದಿರಬೇಕು.