ಪಾದ ಬಿಟ್ಟು ಮೆತ್ತಿದ ಗೋಡೆ

ಹರ್ರಾನಿನಲ್ಲಿ ಮರವಿಲ್ಲ, ತೊಲೆಯಿಲ್ಲ.
ಇಟ್ಟಿಗೆಯನ್ನೇ ಸುತ್ತುತ್ತ ಸುತ್ತುತ್ತ ಕಿರಿದಾಗಿಸಿ
ತುದಿಗೊಂದು ಕಿಂಡಿ ಬಿಟ್ಟರೆ ಅದೇ ಸೂರು;
ಹೊಗೆ ಹೋಗಲು, ಬೆಳಕು ಬರಲು ಒಂದೇ ದಾರಿ.

ಆಚೆ ಮುರಿದ ಗೋಪುರ, ಹಗ್ಗ ಕಟ್ಟಿದ ಗುಂಡಿಗಳು.
ಬೋಕಿ ಚೂರಿಗೂ ನಂಬರು ಹಾಕಿ ಚೀಲಕ್ಕಿಳಿಸುತ್ತಾರೆ.
ಟಿಕೆಟ್ಟು ಮಡಿಸಿ ಜೇಬಿಗಿಟ್ಟು ಈಚೆ ಬಂದೆ.
ಅಮ್ಶಾ ಅಜ್ಜಿ ಹುಲ್ಲು ಬೆರೆಸಿ ಕೆಸರು ತುಳಿಯುತ್ತಿದ್ದಳು.

ಅವಳ ಗೋಡೆಯ ಇಟ್ಟಿಗೆಯೆಲ್ಲ ಆ ಪಾಳಿನದೇ,
ಮಾವನ ಅಪ್ಪ ಕತ್ತೆಯ ಮೇಲೆ ಹೇರಿ ತಂದದ್ದು.
ಒಂದರ ಮೇಲೆ ಪುಟ್ಟ ಪಾದ, ಐದೂ ಬೆರಳು.
ಹಸಿಯಿದ್ದಾಗ ಯಾವ ಮಗುವೋ ತುಳಿದು ಓಡಿದ್ದು.
ಬೈಸಿಕೊಂಡಿತೋ ಏನೋ.

ಇಲಾಖೆಯವರು ಕೇಳಿದರಂತೆ: "ಕೊಡು, ಗಾಜಿನೊಳಗಿಡುತ್ತೇವೆ."
"ಕಿತ್ತರೆ ಮನೆ ಕೂರುತ್ತೆ. ಮನೆಯನ್ನೂ ಒಯ್ದಿಡಿ,
ಕೋಳಿಗಳ ಸಮೇತ" ಅಂದಳಂತೆ.
ತಿರುಗಿ ಬರಲಿಲ್ಲ.

ವರ್ಷವರ್ಷ ಗೋಡೆ ಮೆತ್ತುವಾಗ
ಆ ಒಂದು ಪಾದ ಬಿಟ್ಟು ಮೆತ್ತುತ್ತಾಳೆ.
ಮೊಮ್ಮಗ ಶೆಹ್ಮುಸ್ ಅಂಗಾತ ಮಲಗಿ
ಕಾಲೆತ್ತಿ ಅದರೊಳಗೆ ಇಟ್ಟು ನೋಡುತ್ತಾನೆ.
ಹೋದ ವರ್ಷ ಸರಿಹೋಗಿತ್ತು.
ಈಗ ಹಿಮ್ಮಡಿ ಹೊರಗೆ.

"ಅದು ಯಾಕೆ ಬೆಳೆದಿಲ್ಲ?" ಅಂದ.
ಅಜ್ಜಿ ನನ್ನ ಮುಖ ನೋಡಿದಳು, ಓದಿದವನೆಂದು.
ನಾನು ಬಗ್ಗಿ
ಇನ್ನೊಂದು ಹಿಡಿ ಹುಲ್ಲು ಎತ್ತಿಕೊಟ್ಟೆ.