ಅಂಚು ಬಿಚ್ಚಿದ ಗೆರೆ

ಶಿಡ್ಲಘಟ್ಟದಲ್ಲಿ, ನನ್ನ ಹೊಲಿಗೆ ಅಂಗಡಿಯ ಎದುರಿಗೇ
ವೆಂಕಟರೋಣಪ್ಪ ಹೊಸ ಕಾರು ತಂದು ನಿಲ್ಲಿಸಿದ.
ನಿಂಬೆಹಣ್ಣಿನ ರಸ ಇನ್ನೂ ಟೈರಿನ ಮೇಲೆ.
"ಎಸ್‌ಯುವಿ, ನಸೀಮಮ್ಮಾ," ಅಂದ,
ಮೂರಕ್ಷರವನ್ನೂ ಬಾಯಲ್ಲಿ ಬೆಲ್ಲದಂತೆ ಹೊರಳಿಸಿ.

ಮೆಕ್ಯಾನಿಕ್ ಮುಬಾರಕ್ ಬಗ್ಗಿ ಅಡಿಗೆ ಇಣುಕಿದ:
"ಹಳೇ ಚಿಕ್ಕ ಕಾರೇ ಅಣ್ಣಾ, ಮೂಳೆ ಅದೇ.
ಎರಡು ಬೆರಳು ಎತ್ತವರೆ,
ಸುತ್ತ ಕರಿ ಪ್ಲಾಸ್ಟಿಕ್ಕಿನ ಬಾರ್ಡರು,
ತಲೆ ಮೇಲೆ ಎರಡು ಕಂಬಿ."
ವೆಂಕಟರೋಣಪ್ಪನ ಮುಖ
ಗೂಡಿನ ರೇಟು ಬಿದ್ದ ದಿನದಂತಾಯಿತು.

ನಾನು ಬಾಯಿ ಹಾಕಲಿಲ್ಲ.
ಪ್ರತಿ ಜೂನಿಗೂ ಇದೇ ನನ್ನ ಕಸುಬು:
ಯೂನಿಫಾರಂ ಲಂಗದ ಅಂಚು ಬಿಚ್ಚಿ, ಇಳಿಸಿ, ಪಟ್ಟಿ ಕೊಟ್ಟು
ಐದನೇ ಕ್ಲಾಸನ್ನು ಆರನೇ ಕ್ಲಾಸು ಮಾಡುವುದು.
ಎಷ್ಟು ಇಸ್ತ್ರಿ ತಿಕ್ಕಿದರೂ ಹಳೆಯ ಮಡಿಕೆ
ಬಿಳಿ ಗೆರೆಯಾಗಿ ಉಳಿದೇ ಉಳಿಯುತ್ತದೆ.
ಒಳಗಿನ ಹುಡುಗಿ ಮಾತ್ರ ಪ್ರತಿಸಲ ಹೊಸಬಳು.

"ಬನ್ನಿ, ಒಂದು ರೌಂಡು."
ಶಬ್ರೀನಳನ್ನೂ ಕರೆದೆ.
ಹಿಂಬಾಗಿಲ ಹಿಡಿಯನ್ನು ತುಸು ಎತ್ತಿ ಎಳೆಯಬೇಕು,
ಕೈಗೆ ಹೇಳಿಕೊಡಬೇಕಾಗಲಿಲ್ಲ.
ಇವಳು ಹುಟ್ಟುವ ರಾತ್ರಿ, ನೋವು ಕಚ್ಚಿಕೊಂಡು,
ಗೂಡಿನ ವಾಸನೆಯ ಆ ಹಳೇ ಕಾರು ಹತ್ತಿದ್ದೂ
ಹೀಗೇ ಎತ್ತಿ, ಎಳೆದು.

ಮಾರುಕಟ್ಟೆ ಗೇಟಿನ ಹಂಪು ಬಂತು.
ಹಳೆಯದು ಹೊಟ್ಟೆ ಉಜ್ಜದೆ ಅದನ್ನು ದಾಟಿದ್ದೇ ಇಲ್ಲ.
ಇದು ಸಲೀಸಾಗಿ ಹೋಗಬಹುದಿತ್ತು.
ಆದರೂ ವೆಂಕಟರೋಣಪ್ಪ ಗೇರು ಇಳಿಸಿ,
ಸ್ಟಿಯರಿಂಗು ಓರೆ ಮಾಡಿ,
ಉಸಿರು ಬಿಗಿಹಿಡಿದು
ತನ್ನ ಹೊಟ್ಟೆಯನ್ನು ಒಳಕ್ಕೆಳೆದುಕೊಂಡ.